ಅಲ್ಪವಿರಾಮ ಒಂದು ಕಡೆ, ಉಸಿರು ಇನ್ನೊಂದು ಕಡೆ

ಹಂಗೇರಿಯನ್ ಬರವಣಿಗೆಯಲ್ಲಿ ಅಲ್ಪವಿರಾಮದ ನಿಯಮ ಬಲು ಕಟ್ಟುನಿಟ್ಟು. ಒಂದು ಉಪವಾಕ್ಯ ಮುಗಿದು ಇನ್ನೊಂದು ಶುರುವಾಗುವ ಕಡೆ ಅದು ಬೀಳಲೇಬೇಕು. ಓದುವವರು ಅಲ್ಲಿ ನಿಲ್ಲುತ್ತಾರೋ ಇಲ್ಲವೋ, ನಿಯಮಕ್ಕೆ ಬೇಕಿಲ್ಲ. ‘ನಾಳೆ ಬರುತ್ತೇನೆ ಅಂತ ಹೇಳಿದ’ ಎಂಬಲ್ಲಿ ನಮ್ಮ ‘ಅಂತ’ ಮಾತಿನ ಬಾಲಕ್ಕೆ ಬರುತ್ತದೆ. ಅವರ ‘ಹೊದ್ಯ್’ ಮಾತಿನ ತಲೆಗೆ ಬರುತ್ತದೆ: ‘ಹೇಳಿದ’, ಅಲ್ಪವಿರಾಮ, ‘ಹೊದ್ಯ್’, ಆಮೇಲೆ ಉಳಿದದ್ದು.

ಬಾಯಿಮಾತಿನಲ್ಲಿ ಎಷ್ಟೋ ಸಲ ಇದು ಬದಲಾಗುತ್ತದೆ. ‘ಹೇಳಿದ ಹೊದ್ಯ್’ ಎಂದು ಒಂದೇ ಬೀಸಿಗೆ ಹೇಳಿ, ಆಮೇಲೆ ನಿಲ್ಲುತ್ತಾರೆ. ಇದನ್ನು ತಪ್ಪು ಎನ್ನಲು ನನಗೆ ಮನಸ್ಸಿಲ್ಲ. ‘ಹೊದ್ಯ್’ ಬಂತೆಂದರೆ ಮಾತು ಮುಗಿದಿಲ್ಲ ಎಂದು ಕೇಳುವವರಿಗೆ ಗೊತ್ತಾಗುತ್ತದೆ, ನಡುವೆ ಬಾಯಿ ಹಾಕುವುದಿಲ್ಲ. ಆ ಬಿಡುವಿನಲ್ಲಿ ಮುಂದಿನ ಉಪವಾಕ್ಯ ತಲೆಯಲ್ಲಿ ಸಿದ್ಧವಾಗುತ್ತದೆ.

ನಿಂತಾಗಲೆಲ್ಲ ಉಸಿರು ತೆಗೆದುಕೊಳ್ಳುತ್ತೇವೆ ಎಂದೇನಿಲ್ಲ. ಸುಮ್ಮನೆ ಕೂತಾಗ ಉಸಿರಾಟದ ಸಮಯದಲ್ಲಿ ನೂರಕ್ಕೆ ಸುಮಾರು 40 ಪಾಲು ಒಳಗೆಳೆಯಲು ಹೋದರೆ, ಮಾತಾಡುವಾಗ ಅದು ಸುಮಾರು 10 ಪಾಲಿಗೆ ಇಳಿಯುತ್ತದೆ. ಗಬಕ್ಕನೆ ಎಳೆದುಕೊಂಡು ಉದ್ದಕ್ಕೆ ಬಿಡುತ್ತೇವೆ. ಗಟ್ಟಿಯಾಗಿ ಓದುವವರ ಉಸಿರು ಹೆಚ್ಚಾಗಿ ವಾಕ್ಯದ ಎಲ್ಲೆಯಲ್ಲೇ ಬೀಳುತ್ತದೆ. ಯೋಚಿಸುತ್ತ ಮಾತಾಡುವವರದು ಅಷ್ಟು ಶಿಸ್ತಿನದಲ್ಲ. ಈ ಎರಡನ್ನೂ ಹೋಲಿಸಲು ಬುಡಾಪೆಸ್ಟ್‌ನಲ್ಲಿ ಒಳ್ಳೆಯ ಸಾಮಗ್ರಿಯಿದೆ. ಧ್ವನಿವಿಜ್ಞಾನಿ ಮಾರಿಯಾ ಗೋಶಿ 2007ರಲ್ಲಿ ಆರಂಭಿಸಿದ ‘ಬೆಯಾ’ ಧ್ವನಿಸಂಗ್ರಹದಲ್ಲಿ ಅದೇ ಜನರ ಹರಟೆಯೂ ಇದೆ, ಓದೂ ಇದೆ.

ಹಂಗೇರಿಯನ್‌ನಲ್ಲಿ ಒತ್ತು ಸದಾ ಪದದ ಮೊದಲ ಅಕ್ಷರದ ಮೇಲೆ. ಹಾಗಾಗಿ ಪದ ಎಲ್ಲಿ ಶುರುವಾಯಿತು ಎಂಬುದು ಕಿವಿಗೆ ಸುಲಭವಾಗಿ ಸಿಗುತ್ತದೆ. ಉಪವಾಕ್ಯದ ಕೊನೆಗೆ ಬೇರೆ ಗುರುತುಗಳಿವೆ: ದನಿ ತಗ್ಗುತ್ತದೆ, ಕೊನೆಯ ಅಕ್ಷರ ಎಳೆಯುತ್ತದೆ, ಗಂಟಲು ಕೆಲವೊಮ್ಮೆ ಗರಗರ ಎನ್ನುತ್ತದೆ. ನಮ್ಮ ಕಡು–ಕಾಡುವಿನಂತೆ ಅಲ್ಲಿ ‘ಕೊರ್’ ಎಂದರೆ ವಯಸ್ಸು, ‘ಕೋರ್’ ಎಂದರೆ ರೋಗ. ಹ್ರಸ್ವ ದೀರ್ಘದಿಂದಲೇ ಅರ್ಥ ಬದಲಾಗುವ ನುಡಿಯಲ್ಲಿ ಕೊನೆಯಕ್ಷರ ಎಳೆದರೂ ಕೇಳುವವರು ತಬ್ಬಿಬ್ಬಾಗುವುದಿಲ್ಲ ಎಂಬುದು ನನಗೆ ಈ ವಿಷಯದಲ್ಲೇ ದೊಡ್ಡ ಬೆರಗು. ಹೌದು–ಅಲ್ಲ ಎಂಬ ಉತ್ತರದ ಪ್ರಶ್ನೆಗೆ ನಾವು ‘ಬಂದನಾ’ ಎಂದು ‘ಆ’ ಸೇರಿಸುತ್ತೇವೆ. ಅವರು ಸಾಮಾನ್ಯವಾಗಿ ಏನನ್ನೂ ಸೇರಿಸದೆ, ಕೊನೆಯಿಂದ ಎರಡನೆಯ ಅಕ್ಷರದಲ್ಲಿ ದನಿ ಏರಿಸಿ ಇಳಿಸುತ್ತಾರೆ.

ರಾಗವಿಲ್ಲದ ಉಸಿರು ಹೇಗಿರುತ್ತದೆ ಎಂದು ತೋರಿಸಿದವನೂ ಹಂಗೇರಿಯವನೇ. ಪೊಜೋನಿಯಲ್ಲಿ, ಅಂದರೆ ಇಂದಿನ ಬ್ರಾಟಿಸ್ಲಾವಾದಲ್ಲಿ, ಹುಟ್ಟಿದ ಕೆಂಪೆಲೆನ್ ಫರ್ಕಶ್ ತನ್ನ ಮಾತಾಡುವ ಯಂತ್ರವನ್ನು 1791ರ ಪುಸ್ತಕದಲ್ಲಿ ವಿವರಿಸಿದ. ಶ್ವಾಸಕೋಶದ ಜಾಗದಲ್ಲಿ ತಿದಿ, ಗಂಟಲಿನ ಜಾಗದಲ್ಲಿ ಕಂಪಿಸುವ ಪಟ್ಟಿ, ಬಾಯಿಗೆ ರಬ್ಬರು. ಪದಗಳನ್ನೂ ಚಿಕ್ಕ ವಾಕ್ಯಗಳನ್ನೂ ಅದು ಆಡಿತು, ಆದರೆ ಒಂದೇ ಸ್ಥಾಯಿಯಲ್ಲಿ.

ಹಂಗೇರಿಯನ್ ಕಲಿಯಲು ಹೊರಟವರಿಗೆ ನನ್ನ ಮಾತು ಇಷ್ಟೇ: ಅಲ್ಪವಿರಾಮವನ್ನು ಬರೆಯುವಾಗ ತಪ್ಪದೆ ಹಾಕಿ, ಮಾತಾಡುವಾಗ ಅದನ್ನೇ ನೆಚ್ಚಬೇಡಿ. ಪುಸ್ತಕ ಮುಚ್ಚಿಟ್ಟು ದಿನಕ್ಕೊಂದಿಷ್ಟು ಹೊತ್ತು ಅವರ ಹರಟೆ ಕೇಳಿ.