ಮೇಜಿನ ಮೇಲೊಂದು ಕೆಂಗೇರಿ

ಕಿರುರೈಲೆಂದರೆ ಎಳೆಯರ ವಿನೋದವೆಂದು ನಕ್ಕು ಸುಮ್ಮನಾಗುವವರು ನಮ್ಮಲ್ಲಿ ಬಹುಮಂದಿ. ಆದರೆ ಹಳಿ, ನಿಲ್ದಾಣ, ಕೈಮರ, ಸೇತುವೆಗಳನ್ನು ಒಂದೇ ಪ್ರಮಾಣದಲ್ಲಿ ಕುಗ್ಗಿಸಿ ಮೇಜಿನ ಮೇಲೆ ನಿರ್ಮಿಸುವುದು ಗಣಿತ, ಮರಗೆಲಸ, ಚರಿತ್ರೆ ಮೂರನ್ನೂ ಬೇಡುವ ವಿದ್ಯೆ. ಪುಣೆಯಲ್ಲಿ ಭಾವುಸಾಹೇಬ ಜೋಶಿಯವರ ಕಿರುರೈಲು ಸಂಗ್ರಹಾಲಯವು 1998ರಲ್ಲಿಯೇ ಸಾರ್ವಜನಿಕರಿಗೆ ತೆರೆಯಿತು. ಪಶ್ಚಿಮ ಬೆಂಗಳೂರಿನವರು ಈ ವಿದ್ಯೆಗೆ ಕೈಹಾಕುವುದಾದರೆ ಯಾವುದನ್ನು ಕಟ್ಟಬೇಕು? ಪೆಟ್ಟಿಗೆಯಲ್ಲಿ ಬರುವ ಪರದೇಶದ ನಿಲ್ದಾಣವನ್ನಲ್ಲ, ಕೆಂಗೇರಿಯ ಹಳೆಯ ಮೀಟರ್ ಗೇಜ್ ಮಾರ್ಗವನ್ನು ಎಂಬುದೇ ನಮ್ಮ ಅಭಿಪ್ರಾಯ.

1876-78ರ ಮಹಾಕ್ಷಾಮದ ಕಾಲದಲ್ಲಿ ಹಸಿದ ಜನರಿಗೆ ಕೂಲಿಯನ್ನೊದಗಿಸುವ ಕಾಮಗಾರಿಯಾಗಿ ಮೊದಲಾದ ಈ ಮಾರ್ಗ 1882ರಲ್ಲಿ ಮೈಸೂರನ್ನು ಮುಟ್ಟಿತು. ಕಳೆದ ಶತಮಾನದ ಕೊನೆಯ ದಶಕದಲ್ಲಿ ಅದು ಬ್ರಾಡ್ ಗೇಜ್ ಆಯಿತು. ಈಗ ಜೋಡಿ ಹಳಿಯೂ ವಿದ್ಯುತ್ತೂ ಬಂದಿವೆ. ಅಭಿವೃದ್ಧಿ ಸಂತೋಷದ ಸಂಗತಿಯೇ ಸರಿ. ಆದರೆ ಕ್ಷಾಮದಲ್ಲಿ ಹೆತ್ತವರು ಹಾಕಿದ ಹಳಿಯ ಗುರುತು ಮೊಮ್ಮಕ್ಕಳ ಕಣ್ಣಿಗೆ ಬೀಳದಿರುವುದು ನಷ್ಟವಲ್ಲವೆ?

ವಿಚಿತ್ರವೆಂದರೆ, ಹೋದದ್ದನ್ನು ಕಟ್ಟುವುದೇ ಇದ್ದದ್ದನ್ನು ಕಟ್ಟುವುದಕ್ಕಿಂತ ಸುಲಭ. ಲೋಕದಲ್ಲಿ ಹೆಚ್ಚು ಬಳಕೆಯಲ್ಲಿರುವ ಪ್ರಮಾಣ 87ರಲ್ಲಿ ಒಂದು. ಅಂಗಡಿಯಲ್ಲಿ ದೊರೆಯುವ 16.5 ಮಿಲಿಮೀಟರಿನ ಹಳಿ ಯೂರೋಪು ಅಮೆರಿಕಗಳ 1435 ಮಿಲಿಮೀಟರಿನ ಮಾರ್ಗಕ್ಕೆ ಸರಿ. ನಮ್ಮ ಬ್ರಾಡ್ ಗೇಜು 1676, ಅದಕ್ಕೆ 19.3 ಬೇಕು, ಆದುದರಿಂದ ಕೈಯಾರೆ ಹಳಿ ಜೋಡಿಸಬೇಕು. ಮೀಟರ್ ಗೇಜಿಗಾದರೋ 11.5 ಸಾಕು, 12 ಮಿಲಿಮೀಟರಿನ ಸಿದ್ಧ ಹಳಿಗೆ ಅರ್ಧ ಮಿಲಿಮೀಟರಷ್ಟೇ ಅಂತರ.

ಮೊದಲು ಯೋಜನೆ. ಈ ಪ್ರಮಾಣದಲ್ಲಿ ಒಂದು ಮೈಲಿಗೆ ಸುಮಾರು 60 ಅಡಿ ಬೇಕು. ರಾಜಾಜಿನಗರದ ಮೂವತ್ತು-ನಲವತ್ತರ ನಿವೇಶನದ ಉದ್ದವೇ ಅದಕ್ಕೆ ಸಾಲದು! ಆದುದರಿಂದ ಯಾವುದನ್ನು ಬಿಡಬೇಕೆಂಬ ವಿವೇಕವೇ ಯೋಜನೆಯ ಜೀವ. ಎಂಟಡಿ ಉದ್ದ, ನಾಲ್ಕಡಿ ಅಗಲದ ಪ್ಲೈವುಡ್ ಹಲಗೆಯ ಮೇಲೆ 18 ಅಂಗುಲ ತ್ರಿಜ್ಯದ ತಿರುವು ಹಿಡಿಸುತ್ತದೆ. ಮುಂದೆ ನಿಲ್ದಾಣ, ಹಿಂದಿನ ಹಳಿ ರಾಮನಗರದ ಕಡೆಯ ಬಂಡೆಗಳ ಮರೆಯಲ್ಲಿ. ಹತ್ತು ಗಾಡಿಯ ರೈಲು ಏಳಡಿಯನ್ನೇ ನುಂಗುವುದರಿಂದ ನಾಲ್ಕು ಗಾಡಿಗಳಿಗೆ ತೃಪ್ತರಾಗಬೇಕು.

ನಿರ್ಮಾಣಕ್ಕೆ ರಟ್ಟು, ಮರದ ಚಕ್ಕೆ, ಜರಡಿ ಹಿಡಿದ ಮರಳು ಸಾಕು. ಇದೇ ಮಾರ್ಗದಲ್ಲಿರುವ ಚನ್ನಪಟ್ಟಣದಲ್ಲಿ ಹಾಲೆಮರವನ್ನು ಕಡೆದು ಅರಗಿನ ಬಣ್ಣವೇರಿಸುವ ನಿಪುಣರಿದ್ದಾರೆ. ನೀರಿನ ತೊಟ್ಟಿ, ಕೈಮರದ ಕಂಬಗಳನ್ನು ಅವರಿಂದಲೇ ಕಡೆಸಬಹುದು.

ಕೊನೆಗೆ ಛಾಯಾಚಿತ್ರ. ಮನುಷ್ಯ ಇಲ್ಲಿ ಎರಡು ಸೆಂಟಿಮೀಟರಿಗಿಂತ ಕಿರಿಯ. ಕ್ಯಾಮೆರಾದ ಕಣ್ಣನ್ನು ಆ ಎತ್ತರಕ್ಕಿಳಿಸಿದರೆ ಮೇಜು ಊರಾಗುತ್ತದೆ, ಮೇಲಿನಿಂದ ತೆಗೆದರೆ ಆಟಿಕೆಯಾಗಿಯೇ ಉಳಿಯುತ್ತದೆ. ಸೂರ್ಯನೊಬ್ಬನೇ ಆದುದರಿಂದ ದೀಪವೂ ಒಂದೇ ಕಡೆಯಿಂದಿರಲಿ. ಮಸೂರದ ರಂಧ್ರವನ್ನು ಕಿರಿದುಮಾಡಿ ಹೆಚ್ಚು ಹೊತ್ತು ಬೆಳಕು ಕೊಟ್ಟರೆ ಹತ್ತಿರದ ಹಳಿಯೂ ದೂರದ ಬೆಟ್ಟವೂ ಸ್ಪಷ್ಟವಾಗುವುವು.

ಮೈಸೂರಿನಲ್ಲಿ 1979ರಲ್ಲಿ ಸ್ಥಾಪಿತವಾದ ರೈಲ್ವೆ ಸಂಗ್ರಹಾಲಯವು ಎಂಜಿನುಗಳನ್ನೂ ಗಾಡಿಗಳನ್ನೂ ಕಾಪಾಡಿದೆ. ಆದರೆ ಅವು ನಿಲ್ಲುತ್ತಿದ್ದ ಊರನ್ನು ಕಾಪಾಡುವವರು ಯಾರು? ಮೀಟರ್ ಗೇಜಿನಲ್ಲಿ ದುಡಿದು ನಿವೃತ್ತರಾದವರು ಇನ್ನೂ ನಮ್ಮ ನಡುವೆ ಇದ್ದಾರೆ. ಬಾವಿ ಎಲ್ಲಿತ್ತು, ಕೈಮರ ಎಷ್ಟು ದೂರದಲ್ಲಿತ್ತು, ಯಾವ ಮರದ ನೆರಳಿನಲ್ಲಿ ಸಂತೆಗೆ ಹೋಗುವವರು ಕಾಯುತ್ತಿದ್ದರು ಎಂಬುದನ್ನು ಅವರ ಬಾಯಿಂದ ಕೇಳಿ ಬರೆದುಕೊಳ್ಳುವುದೇ ಈ ವಿದ್ಯೆಯ ಮೊದಲ ಪಾಠ. ವಿಜಯನಗರದ, ಬಸವೇಶ್ವರನಗರದ ತರುಣರು ಹಲಗೆ ಕೊಳ್ಳುವುದಕ್ಕೆ ಮುನ್ನ ಅಳತೆಯ ಪಟ್ಟಿಯನ್ನೂ ಒಂದು ಪುಸ್ತಕವನ್ನೂ ಹಿಡಿದು ಆ ಹಿರಿಯರ ಮನೆಗೆ ಹೋಗಲಿ. ಹಲಗೆ ಮುಂದಿನ ವರ್ಷವೂ ದೊರೆಯುತ್ತದೆ. ಆ ನೆನಪು ದೊರೆಯುವುದೆಂಬ ಭರವಸೆಯಿಲ್ಲ.