ತೇರಿನ ನೋಟು ಯಾರ ಕಿಸೆಗೆ?

ಹೊಸಪೇಟೆ: ಕಿಸೆಯಲ್ಲಿ ಐವತ್ತರ ಹೊಸ ನೋಟಿದ್ದರೆ ಒಮ್ಮೆ ತೆಗೆದು ತಿರುಗಿಸಿ ನೋಡಿ. ಬೆನ್ನ ಮೇಲೆ ನಮ್ಮ ವಿಜಯವಿಠ್ಠಲ ದೇವಸ್ಥಾನದ ಕಲ್ಲಿನ ತೇರು ಇದೆ. 2017ರಲ್ಲಿ ರಿಸರ್ವ್ ಬ್ಯಾಂಕು ಈ ನೋಟು ಹೊರಡಿಸಿದಾಗ ನಾವೆಲ್ಲ ಹಿಗ್ಗಿ ಹೀರೇಕಾಯಿ ಆದದ್ದುಂಟು. ತೇರು ನೋಟಿನ ಮೇಲೆ ಬಂತು, ಸಂತೋಷ. ಆದರೆ ನೋಟು ತೇರಿನ ಊರಿಗೆ ಬಂತೇ? ಬಂದರೆ ಎಷ್ಟು ಹೊತ್ತು ನಿಂತಿತು, ಯಾರ ಕೈಗೆ ಹೋಯಿತು?

ಈ ಪ್ರಶ್ನೆಯನ್ನು ತಲೆಯಲ್ಲಿಟ್ಟುಕೊಂಡು ಮೊನ್ನೆ ಭಾನುವಾರ ಬೆಳಿಗ್ಗೆಯಿಂದ ಹೊತ್ತು ಮುಳುಗುವವರೆಗೆ ನಿಮ್ಮ ಈ ವರದಿಗಾರ ಹಂಪಿ ಸುತ್ತಿದ. ಕಂಡದ್ದು ಕಂಡ ಹಾಗೆ ಇಲ್ಲಿದೆ.

ಮೊದಲು ಕಂಡದ್ದು ಕಮಲಾಪುರದ ರಸ್ತೆ ಬದಿಯಲ್ಲಿ ಒಂದು ಶಾಲಾ ಪ್ರವಾಸದ ಬಸ್ಸು. ದೂರದ ಜಿಲ್ಲೆಯದು. ಬಸ್ಸಿನ ನೆತ್ತಿಯ ಮೇಲಿಂದ ಡಬರಿ ಇಳಿಯಿತು, ಅಕ್ಕಿ ಮೂಟೆ ಇಳಿಯಿತು, ಅಡುಗೆಯವರಿಬ್ಬರು ಇಳಿದರು. ಪಕ್ಕದಲ್ಲಿ ಹೆಸರಿಲ್ಲದ ಒಂದು ಸಣ್ಣ ಮಂಟಪ. ಅದರ ಮಗ್ಗುಲಲ್ಲಿ ಮೂರು ಕಲ್ಲು ಹೂಡಿ ಒಲೆ ಹಚ್ಚಿದರು. ಆ ಮೂರು ಕಲ್ಲು ಯಾವ ರಾಯರ ಕಾಲದವೋ ವಿರೂಪಾಕ್ಷನೇ ಬಲ್ಲ! ಮಂಟಪದ ಕಂಬ ನೋಡಿದರೆ ಹಿಂದಿನ ವರ್ಷಗಳ ಮಸಿಯೂ ಅಲ್ಲೇ ಇತ್ತು. ಚಿತ್ರಾನ್ನ, ಮೊಸರನ್ನ ಆಯಿತು. ಮಕ್ಕಳು ಉಂಡರು, ಪಾಪ, ರಾತ್ರಿಯೆಲ್ಲ ಪ್ರಯಾಣ ಮಾಡಿದ ಮಕ್ಕಳು. ಬಸ್ಸು ಹೊರಟಿತು. ಹಿಂದೆ ಉಳಿದದ್ದು ಬೆಳ್ಳಿ ಬಣ್ಣದ ಕಾಗದದ ತಟ್ಟೆಗಳ ಒಂದು ಗುಡ್ಡೆ. ಅದಕ್ಕೆ ಎರಡು ಆಕಳು, ಒಂದು ಹಿಂಡು ಕೋತಿ ಕಾದಿದ್ದವು.

ಮೇಷ್ಟ್ರನ್ನು ಬೈಯಲು ನನಗೆ ಮನಸ್ಸಿಲ್ಲ. ತಲೆಗಿಷ್ಟು ಎಂದು ಎತ್ತಿದ ದುಡ್ಡಿನಲ್ಲಿ ಅಷ್ಟು ಮಕ್ಕಳಿಗೆ ಹೋಟೆಲ್ ಊಟ ಹಾಕಿಸಲು ಆಗುತ್ತದೆಯೇ? ಕುಳಿತು ಉಣ್ಣಲು ಒಂದು ಶೆಡ್ಡು, ತಟ್ಟೆ ತೊಳೆಯಲು ನಲ್ಲಿ, ತಲೆಗೆ ಹತ್ತಿಪ್ಪತ್ತು ರೂಪಾಯಿಗೆ ಅನ್ನ ಸಾರು ಬಡಿಸುವ ಊರಿನ ಹೆಂಗಸರ ಸಂಘ, ಇಷ್ಟು ಕಂಬದ ಹತ್ತಿರದಲ್ಲೇ ಇದ್ದಿದ್ದರೆ ಅವರು ಕಂಬದ ಬುಡಕ್ಕೆ ಬೆಂಕಿ ಹಚ್ಚುತ್ತಿದ್ದರೇ?

ಇನ್ನು ಕಾರಿನವರ ಲೆಕ್ಕ ಕೇಳಿ. ಬೆಂಗಳೂರಿನಿಂದ ಕಾರು, ಅಲ್ಲಿಯದೇ ಡ್ರೈವರು. ಕೋಣೆ ಗೊತ್ತು ಮಾಡಿದ್ದು ಮೊಬೈಲಿನಲ್ಲಿ. ಆ ಮೊಬೈಲ್ ಕಂಪನಿಗಳು ನೂರಕ್ಕೆ ಹದಿನೈದು, ಇಪ್ಪತ್ತು ಕಮಿಷನ್ ಮುರಿದುಕೊಳ್ಳುತ್ತವೆ. ಸ್ಮಾರಕ ನೋಡಲು ಭಾರತೀಯರಿಗೆ 40 ರೂಪಾಯಿ, ವಿದೇಶಿಯರಿಗೆ 600 ಎಂದು 2018ರಲ್ಲಿ ದರ ಏರಿಸಿದರು. ಆ ದುಡ್ಡು ಪುರಾತತ್ವ ಇಲಾಖೆಯದು, ಸೀದಾ ದೆಹಲಿಗೆ. ಟಿಕೆಟ್ಟಿನ ಹಣ ದೆಹಲಿಗೆ, ನೀರಿನ ಬಾಟಲಿ ಪಂಚಾಯಿತಿಗೆ! ಗುಡಿಸುವವಳು ಇಲ್ಲಿಯವಳು, ಪೊರಕೆ ಇಲ್ಲಿಯದು. ಈ ಕಾರಿನವರಿಂದ ಊರಿಗೆ ನೇರವಾಗಿ ಸಿಕ್ಕಿದ್ದು ಏನೆಂದು ಲೆಕ್ಕ ಹಾಕಿದೆ: ಎರಡು ಎಳನೀರು, ಒಂದು ಹರಿಗೋಲು ಸವಾರಿ, ಒಂದು ಟೋಪಿ.

ಬಜಾರು ಎದ್ದ ಬಗೆ

ವಿರೂಪಾಕ್ಷನ ಗೋಪುರದಿಂದ ಎದುರು ಬಸವಣ್ಣನವರೆಗೆ ಹಂಪಿ ಬಜಾರು ಈಗ ಚೊಕ್ಕಟವಾಗಿದೆ. ಎರಡೂ ಕಡೆ ಬರೀ ಕಂಬ, ಬರೀ ಬಿಸಿಲು. ಚಿತ್ರ ತೆಗೆಯುವವರಿಗೆ ಬಹಳ ಚೆಂದ. 2011ರ ಜುಲೈ ಕೊನೆಯವರೆಗೆ ಇದೇ ಕಂಬಗಳ ನಡುವೆ ಮನೆಗಳಿದ್ದವು, ಖಾನಾವಳಿ ಇದ್ದವು, ಪುಸ್ತಕದಂಗಡಿ, ಸೈಕಲ್ ಬಾಡಿಗೆ ಅಂಗಡಿ ಇದ್ದವು. ಮುನ್ನೂರಕ್ಕೂ ಹೆಚ್ಚು ಕುಟುಂಬಗಳು. ಬುಲ್ಡೋಜರು ಬಂತು, ಅಷ್ಟೇ.

ಕಾನೂನು ಕೇಳಿದರೆ ಅದು ಸರಿಯೇ. ಹಂಪಿ 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಆನೆಗುಂದಿಗೆ ಸೇತುವೆ ಕಟ್ಟಲು ಹೋಗಿ 1999ರಲ್ಲಿ ಅಪಾಯದ ಪಟ್ಟಿಗೂ ಸೇರಿ 2006ರವರೆಗೆ ಅಲ್ಲೇ ಇತ್ತು. (ಆ ಸೇತುವೆ 2009ರ ಜನವರಿಯಲ್ಲಿ ಕೆಲಸ ನಡೆಯುತ್ತಿರುವಾಗಲೇ ಕುಸಿದು ಕೂಲಿಕಾರರು ಸತ್ತರು. ಯುನೆಸ್ಕೋ ಕಡತಕ್ಕೆ ಸೇತುವೆ ಹೋಯಿತು, ಕೂಲಿಯವರ ಮನೆಗೆ ಹೆಣ ಹೋಯಿತು.) ಮಂಟಪಕ್ಕೆ ಸುಣ್ಣ ಬಳಿದು, ಇಟ್ಟಿಗೆ ಗೋಡೆ ಎಬ್ಬಿಸಿ, ಮೇಲೆ ಮಹಡಿ ಕಟ್ಟಿದವರು ಇದ್ದದ್ದೂ ನಿಜ. ಅದನ್ನು ಮುಚ್ಚಿಟ್ಟು ಬರೆಯುವುದು ನ್ಯಾಯವಲ್ಲ.

ಆದರೆ ಇನ್ನೊಂದು ಮಾತೂ ನಿಜ. ಬಜಾರು ಎಂದು ರಾಯರ ಕಾಲದಲ್ಲಿ ಕಟ್ಟಿದ್ದೇ ವ್ಯಾಪಾರಕ್ಕೆ. ಪರಂಪರೆ ಎಂದರೆ ಕಂಬವೊಂದೇ ಎಂದು ತೀರ್ಮಾನ ಮಾಡಿದ ದಿನ ವ್ಯಾಪಾರ ಒತ್ತುವರಿ ಆಯಿತು, ವ್ಯಾಪಾರಿ ಕಳ್ಳನಾದ. ಎಬ್ಬಿಸಿದವರಿಗೆ ಜಾಗ ತೋರಿಸಿದ್ದು ಮೂರ್ನಾಲ್ಕು ಕಿಲೋಮೀಟರ್ ಆಚೆ ಕಡ್ಡಿರಾಂಪುರದಲ್ಲಿ. ಗೋಪುರದ ನೆರಳಲ್ಲಿ ಇಡ್ಲಿ ಮಾರುತ್ತಿದ್ದವಳು ಕಡ್ಡಿರಾಂಪುರದ ಹೊಲದಲ್ಲಿ ಯಾರಿಗೆ ಮಾರಬೇಕು? ಗಿರಾಕಿಯ ಬಸ್ಸು ಅವಳ ಬಾಗಿಲ ಮುಂದಿನಿಂದಲೇ ಹಂಪಿಗೆ ಹೋಗುತ್ತದೆ, ನಿಲ್ಲುವುದಿಲ್ಲ.

ಆಕೆ ಈಗ ಬೆಳಿಗ್ಗೆ ಬುಟ್ಟಿ ಹೊತ್ತು ಹಂಪಿಗೆ ಬರುತ್ತಾಳೆ, ಸಂಜೆ ಮರಳುತ್ತಾಳೆ. ಇಡ್ಲಿ ಬಿಟ್ಟು ಬಾಳೆಹಣ್ಣು. “ಮೊದ್ಲು ನಾವ್ ಇಲ್ಲೇ ಇದ್ವಿ ಯಪ್ಪಾ, ರಾತ್ರಿ ಯಾರರೆ ಕಲ್ಲು ಅಲುಗಾಡ್ಸಿದ್ರ ಬೈತಿದ್ವಿ. ಈಗ ಬೈಯ್ಯಾಕ ಯಾರದಾರ?” ಎಂದಳು.

ಅವಳ ಮಾತನ್ನು ಮುದುಕಿಯ ಗೊಣಗಾಟ ಎಂದು ತಳ್ಳುವಂತಿಲ್ಲ. 2019ರ ಫೆಬ್ರವರಿಯಲ್ಲಿ ನಾಲ್ವರು ಹುಡುಗರು ಹಂಪಿಯ ಕಂಬಗಳನ್ನು ಉರುಳಿಸಿದ ವಿಡಿಯೋ ಊರೆಲ್ಲ ಹರಿದಾಡಿತಲ್ಲ, ನೆನಪಿದೆಯೇ? ನ್ಯಾಯಾಲಯ ತಲೆಗೆ 70 ಸಾವಿರ ದಂಡ ಹಾಕಿ, ಬೀಳಿಸಿದ ಕೈಯಿಂದಲೇ ಕಂಬ ಎತ್ತಿಸಿತು. ಭಲೇ ತೀರ್ಪು. ಆದರೆ ಕಂಬ ಉರುಳಿಸುವಾಗ ಕೇಳುವವರು ಅಲ್ಲಿ ಒಬ್ಬರೂ ಇರಲಿಲ್ಲ. ಕಾವಲುಗಾರ ಎಷ್ಟು ಕಂಬ ಕಾಯಬಲ್ಲ ಸ್ವಾಮಿ? 1565ರಲ್ಲಿ ಪಟ್ಟಣ ಹಾಳಾದ ಮೇಲೆ ಈ ಹಾಳನ್ನು ಕಾದದ್ದು ಕುರಿ ಮೇಯಿಸುವವರು, ಬಾಳೆ ತೋಟದವರು, ಗುಡಿಯ ಪೂಜಾರಿಗಳು.

ಹೊಳೆಯಾಚೆಯೂ ಅದೇ ಕಥೆ

ಹೊಳೆ ದಾಟಿದರೆ ಕೊಪ್ಪಳ ಜಿಲ್ಲೆ. ವಿರೂಪಾಪುರ ಗಡ್ಡೆಯ ಗುಡಿಸಲು ರೆಸಾರ್ಟುಗಳು ವಿದೇಶಿಯರ ನಡುವೆ ಎಷ್ಟು ಹೆಸರುವಾಸಿ ಎಂಬುದು ಎಲ್ಲರಿಗೂ ಗೊತ್ತಿದ್ದ ಸಂಗತಿ. ವರ್ಷಗಟ್ಟಲೆ ನಡೆದವು. ಇಲಾಖೆಗಳಿಗೆ ಗೊತ್ತಿರಲಿಲ್ಲ ಎಂದರೆ ಕೋತಿಯೂ ನಗುತ್ತದೆ. 2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಅವು ಅಕ್ರಮವೇ ಎಂದಿತು, ಮುಂದಿನ ತಿಂಗಳು ನೆಲಸಮ ಆದವು. ಅದೇ ತಿಂಗಳು ಕೊರೊನಾ ಬೀಗವೂ ಬಿತ್ತು.

ಬೀಗ ತೆಗೆದ ಮೇಲೆ ಏನಾಯಿತು? ಅದೇ ಧಂದೆ ಸಾಣಾಪುರ, ಹನುಮನಹಳ್ಳಿ, ಆನೆಗುಂದಿ ಕಡೆ ಕಾಲು ಚಾಚಿತು. ಭತ್ತದ ಗದ್ದೆಯ ನಡುವೆ ಬೋರ್ಡು ಎದ್ದವು. ಜಮೀನು ಗುತ್ತಿಗೆ ಕೊಟ್ಟ ರೈತ ತನ್ನದೇ ಗದ್ದೆಯಲ್ಲಿ ಹಾಸಿಗೆ ಒಗೆಯುವ ಆಳು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಎಂಬ ಗಾದೆ ನಮ್ಮಲ್ಲಿ ಅಕ್ಷರಶಃ ನಡೆಯಿತು. ಗಡ್ಡೆಗೆ ಜನರನ್ನು ದಾಟಿಸಿ ಬದುಕುತ್ತಿದ್ದವರನ್ನು ಯಾರೂ ಕೇಳಲಿಲ್ಲ. 2025ರ ಮಾರ್ಚ್‌ನಲ್ಲಿ ಸಾಣಾಪುರದ ಕಾಲುವೆ ಬಳಿ ಪ್ರವಾಸಿಗರ ಮೇಲೆ ನಡೆದ ಪೈಶಾಚಿಕ ದಾಳಿಯಲ್ಲಿ ಒಬ್ಬರ ಪ್ರಾಣವೇ ಹೋಯಿತು. ಕೋಣೆಗೆ ದುಡ್ಡು ತೆಗೆದುಕೊಂಡ ಮೇಲೆ ಅತಿಥಿಯ ಜೀವದ ಜವಾಬ್ದಾರಿ ಯಾರದು ಎಂಬ ಪ್ರಶ್ನೆ ಆ ರಾತ್ರಿಯಿಂದ ಕಾಲುವೆ ದಂಡೆಯ ಮೇಲೇ ಕುಳಿತಿದೆ.

ಈ ಎರಡೂ ದಡಗಳ 29 ಹಳ್ಳಿಗಳನ್ನು ನೋಡಿಕೊಳ್ಳಲೆಂದೇ 2002ರ ಕಾಯ್ದೆಯಿಂದ ಒಂದು ಪ್ರಾಧಿಕಾರ ಹುಟ್ಟಿದೆ. ಇಪ್ಪತ್ತು ವರ್ಷ ದಾಟಿದ ಕಾಯ್ದೆ. ಹಳ್ಳಿಯವನಿಗೆ ಅದರಿಂದ ಬರುವುದು ಒಂದೇ ಒಂದು ಪತ್ರ: ಕಟ್ಟಬೇಡ. ಎಲ್ಲಿ ಕಟ್ಟಬಹುದು, ಹೇಗೆ ಕಟ್ಟಬಹುದು, ಮನೆಯ ಎರಡು ಕೋಣೆ ಬಾಡಿಗೆಗೆ ಕೊಡುವುದು ಹೇಗೆ ಎಂಬುದನ್ನು ತಿಳಿಯಕನ್ನಡದಲ್ಲಿ ಹೇಳಿದ ಪತ್ರ ನಾನು ಮಾತಾಡಿಸಿದ ಯಾರ ಮನೆಯಲ್ಲೂ ಇರಲಿಲ್ಲ.

ಎಲ್ಲವೂ ಹಾಳು ಎಂದು ಬರೆದರೆ ಸುಳ್ಳಾದೀತು. ಗೆಜ್ಜಲ ಮಂಟಪದಿಂದ ವಿಠ್ಠಲ ದೇವಸ್ಥಾನಕ್ಕೆ ಸುಮಾರು ಒಂದು ಕಿಲೋಮೀಟರ್ ದಾರಿ. ಕಾರು, ಬಸ್ಸು ನಿಷೇಧ. ಬ್ಯಾಟರಿ ಗಾಡಿಯಲ್ಲಿ ಹೋಗಬೇಕು, ಸ್ಟೀರಿಂಗ್ ಹಿಡಿದವರು ಹೆಣ್ಣುಮಕ್ಕಳು. ಹೊಗೆ ಇಲ್ಲ, ಹಾರನ್ನಿನ ಗಲಾಟೆ ಇಲ್ಲ, ಸಂಬಳ ಅವರ ಮನೆಗೆ. ಆನೆಗುಂದಿಯಲ್ಲಿ ಕಿಷ್ಕಿಂದಾ ಟ್ರಸ್ಟಿನವರು ಹೆಂಗಸರಿಗೆ ಬಾಳೆ ನಾರಿನ ಕೆಲಸ ಕಲಿಸಿದ್ದಾರೆ. ಗೊನೆ ಕಡಿದ ಮೇಲೆ ತಿಪ್ಪೆ ಸೇರುತ್ತಿದ್ದ ದಿಂಡಿನ ನಾರು ಚೀಲವಾಗಿ, ಚಾಪೆಯಾಗಿ ಮಾರಾಟವಾಗುತ್ತದೆ. ರಾಯರ ಕಾಲದ ಕಾಲುವೆಯ ನೀರಿಗೆ ಬೆಳೆದ ಬಾಳೆ ಅದು. ಪ್ರವಾಸಿ ಕೊಂಡ ಆ ಒಂದು ಚೀಲದಲ್ಲಿ ಊರಿಗೆ ಉಳಿಯುವುದು ದೊಡ್ಡ ಹೋಟೆಲಿನ ಒಂದು ರಾತ್ರಿಯಲ್ಲಿ ಉಳಿಯುತ್ತದೆಯೋ ಇಲ್ಲವೋ, ನನಗೆ ಅನುಮಾನ.

ಪಕ್ಕದ ಕೇರಳದವರು ಇದನ್ನು ಸರಕಾರಿ ಕೆಲಸವಾಗಿಯೇ ಮಾಡಿದರು. 2008ರಲ್ಲಿ ಕುಮರಕಂನಲ್ಲಿ ಶುರು. ಕುಟುಂಬಶ್ರೀ ಸಂಘದ ಹೆಂಗಸರು ಬೆಳೆದ ತರಕಾರಿಯನ್ನು ಅಲ್ಲಿನ ಹೋಟೆಲುಗಳು ಕೊಳ್ಳುವ ಏರ್ಪಾಡು. ಪಂಚಾಯಿತಿ ನಡುವೆ ನಿಂತಿತು. 2017ರಲ್ಲಿ ಅದಕ್ಕಾಗಿಯೇ ಒಂದು ಮಿಷನ್ ಆಯಿತು. ನಮ್ಮ ಹೊಸಪೇಟೆಯ ಹೋಟೆಲಿನವರಿಗೆ ಪ್ರಾಧಿಕಾರ ಇಷ್ಟು ಹೇಳಬಾರದೇ: ಲೈಸೆನ್ಸು ಬೇಕೇ, ಬಾಳೆಹಣ್ಣು ಕಮಲಾಪುರದ್ದು ಕೊಳ್ಳಿ, ಕಸ ನೀವೇ ಹೊರಿ, ಅರ್ಧ ಆಳುಗಳು ಈ 29 ಹಳ್ಳಿಯವರಾಗಲಿ. ಟಿಕೆಟ್ಟಿನ ನಲವತ್ತರಲ್ಲಿ ಒಂದೆರಡು ರೂಪಾಯಿ ಗುಡಿಸುವ ಪಂಚಾಯಿತಿಗೆ ಇಳಿಯಲಿ ಎಂದು ನಮ್ಮ ಸಂಸದರು ದೆಹಲಿಯಲ್ಲಿ ಒಂದು ಮಾತು ಆಡಬಾರದೇ? ಬಜಾರಿನಿಂದ ಎದ್ದವರಿಗೆ ವಾಹನ ನಿಲ್ದಾಣದ ಬದಿ ಬುಟ್ಟಿ ಇಡಲು ಮೊದಲ ಹಕ್ಕು ಕೊಟ್ಟರೆ ಯಾವ ಕಂಬ ಬೀಳುತ್ತದೆ?

ಸಂಜೆ ಮರಳುವಾಗ ಅದೇ ಬಾಳೆಹಣ್ಣಿನ ಅಜ್ಜಿ ಇನ್ನೂ ಕುಳಿತಿದ್ದಳು. ಬುಟ್ಟಿಯ ಮೇಲೆ ಮೊಬೈಲಿನಲ್ಲಿ ದುಡ್ಡು ಹಾಕುವ ಚೌಕಳಿ ಚೀಟಿ ಅಂಟಿಸಿದೆ. ದುಡ್ಡು ಮೊಮ್ಮಗನ ಖಾತೆಗೆ ಹೋಗುತ್ತದಂತೆ. “ದಿನಾ ಎಷ್ಟು ಬಂತು ಅವನೇ ಹೇಳ್ತಾನ್ರಿ, ನಾ ಕಂಡಿಲ್ಲ” ಎಂದು ನಕ್ಕಳು. ನಾನು ಬೇಕೆಂದೇ ಕಿಸೆಯಿಂದ ತೇರಿನ ನೋಟು ತೆಗೆದು ಕೊಟ್ಟೆ. ಅವಳು ಅದನ್ನು ಬೆಳಕಿಗೆ ಹಿಡಿದಳು, ತೇರು ನೋಡಲು ಅಲ್ಲ, ಹರಿದಿದೆಯೇ ಎಂದು ನೋಡಲು. ಸೀರೆಯ ಸೆರಗಿನ ಗಂಟು ಬಿಚ್ಚಿ ಹತ್ತರ ಎರಡು ನೋಟು ಚಿಲ್ಲರೆ ಕೊಟ್ಟಳು.

ಅಲ್ಲೇ ನಿಂತು ಎರಡು ಹಣ್ಣು ತಿಂದೆ. ಸಿಪ್ಪೆ ಎಸೆಯಲು ಕಸದ ಡಬ್ಬಿ ಹುಡುಕುತ್ತಿದ್ದೆ.

“ಇಲ್ಲಿ ಕೊಡು ಯಪ್ಪಾ,” ಎಂದು ಕೈ ನೀಡಿದಳು. “ಮನಿಯಾಗ ಆಕಳ ಐತಿ.”