ಉತ್ತರನ ಪೌರುಷಕ್ಕೆ ಯಾವ ರಾಗ?

ಕಾವ್ಯವನ್ನು ರಾಗವಾಗಿ ಓದುವ ಗಮಕ ವಾಚನ ಮುಗಿದ ಮೇಲೆ ‘ಕಂಠ ಚೆನ್ನಾಗಿತ್ತು, ರಾಗ ಹಿಡಿಸಿತು’ ಎಂದು ಎದ್ದು ಬರುವವರೇ ಹೆಚ್ಚು. ಪದ್ಯದ ಭಾವವನ್ನೆಲ್ಲ ರಾಗವೇ ಹೇಳಿಬಿಡುತ್ತದೆ ಎಂಬ ನಂಬಿಕೆ ಇದರ ಹಿಂದಿದೆ. ಅದು ಅರ್ಧ ನಿಜ. ಪದ್ಯದಲ್ಲಿ ತುಂಬಿಕೊಂಡಿರುವ ಭಾವ ಒಂದು. ಆ ಮಾತನ್ನು ಕವಿ ಯಾವ ಧಾಟಿಯಲ್ಲಿ ಆಡಿಸುತ್ತಿದ್ದಾನೆ ಎಂಬುದು ಇನ್ನೊಂದು. ಇವೆರಡೂ ಬೇರೆಬೇರೆ ದಾರಿ ಹಿಡಿದಾಗ ರಾಗವನ್ನಷ್ಟೇ ನೆಚ್ಚಿದವನು ಮೋಸಹೋಗುತ್ತಾನೆ.

ಇದಕ್ಕೆ ಕುಮಾರವ್ಯಾಸ ಭಾರತಕ್ಕಿಂತ ಒಳ್ಳೆಯ ಒರೆಗಲ್ಲಿಲ್ಲ. ಅದರ ಹತ್ತು ಪರ್ವಗಳೂ ಭಾಮಿನಿ ಷಟ್ಪದಿಯಲ್ಲಿವೆ: 14 ಮಾತ್ರೆಯ ಎರಡು ಸಾಲು, 23 ಮಾತ್ರೆಯ ಒಂದು ಉದ್ದ ಸಾಲು, ಮತ್ತೆ ಅದೇ ಸರದಿ. ನಗುವಿಗೂ ಅಳುವಿಗೂ ಯುದ್ಧಕ್ಕೂ ಇದೊಂದೇ ಅಚ್ಚು. ಹಾಗಾಗಿ ಛಂದಸ್ಸಿನಿಂದ ಭಾವ ಗುರುತಿಸುವ ಮಾತೇ ಇಲ್ಲ. ಪದಗಳೂ ಸಾಲವು. ದ್ರೋಣಪರ್ವದಲ್ಲಿ ಚಕ್ರವ್ಯೂಹಕ್ಕೆ ನುಗ್ಗುವ ಅಭಿಮನ್ಯು ಆಡುವುದು ವೀರದ ಮಾತು, ವಿರಾಟಪರ್ವದ ಉತ್ತರಕುಮಾರ ಆಡುವುದೂ ವೀರದ ಮಾತೇ. ಎದುರಾಳಿ ಕೌರವರಲ್ಲಿ ಕೆಲವರು ಬ್ರಾಹ್ಮಣರು, ಕೆಲವರು ಸಾಯುವ ಮುದುಕರು, ಕೆಲವರು ಕುಲಹೀನರು, ತಾನು ಯಾರೊಡನೆ ಕಾದಲಿ ಎಂದು ಅವನ ಗೊಣಗು. ಆದರೆ ಇದನ್ನೆಲ್ಲ ಅವನು ಹೇಳುತ್ತಿರುವುದು ಹೆಂಗಸರ ನಡುವೆ ಕೂತು, ಅದೂ ಸಾರಥಿಯಿಲ್ಲ ಎಂಬ ನೆಪ ಮುಂದಿಟ್ಟುಕೊಂಡು. ಯಾರು, ಯಾರ ಮುಂದೆ, ಎಲ್ಲಿ ಮಾತಾಡುತ್ತಿದ್ದಾರೆ ಎಂದು ಕೇಳಿಕೊಂಡ ಕ್ಷಣವೇ ಧಾಟಿ ತಿಳಿಯುತ್ತದೆ. ‘ಉತ್ತರನ ಪೌರುಷ ಒಲೆಯ ಮುಂದೆ’ ಎಂದು ಗಾದೆ ಕಟ್ಟಿದ ಜನಕ್ಕೆ ಇದು ಯಾವಾಗಲೋ ತಿಳಿದಿತ್ತು.

ಹಾಗಾದರೆ ಗಮಕಿಗಳು ಶೋಕಕ್ಕೆ ಮುಖಾರಿ, ವೀರಕ್ಕೆ ಅಠಾಣ ಎಂದು ರಾಗ ಆರಿಸುವುದೇಕೆ ಎನ್ನಬಹುದು. ರಾಗ ಭಾವದ ಬಾಗಿಲು ತೆರೆಯುತ್ತದೆ, ನಿಜ. ಆದರೆ ಉತ್ತರನ ಬಡಾಯಿಯನ್ನು ಅಠಾಣದಲ್ಲಿ ಪೂರ್ತಿ ಗಂಭೀರವಾಗಿ ಓದಿದಷ್ಟೂ ನಗು ಹೆಚ್ಚುತ್ತದೆ. ಓದುವ ಗಮಕಿಯೇ ನಡುವೆ ಕಿಸಕ್ಕೆಂದರೆ ಹಾಸ್ಯ ಅಲ್ಲೇ ಸಾಯುತ್ತದೆ. ರಾಗಕ್ಕಿಂತ ನಿಲುಗಡೆಗೆ ಕಿವಿಗೊಡುವುದು ಲೇಸು. ಕುಮಾರವ್ಯಾಸನ ವಾಕ್ಯ ಸಾಲಿನ ತುದಿಯಲ್ಲಿ ನಿಲ್ಲದೆ ಮುಂದಿನ ಸಾಲಿಗೆ ಹರಿಯುತ್ತದೆ. ಮಾತ್ರೆ ಎಣಿಸುತ್ತ ಸಾಲಿಗೊಮ್ಮೆ ನಿಲ್ಲುವವನ ಬಾಯಲ್ಲಿ ಅದು ಮಗ್ಗಿಯಾಗುತ್ತದೆ. ಅರ್ಥ ನೋಡಿ ಪದ ಬಿಡಿಸಿ, ಬೇಕಾದಲ್ಲಿ ತಡೆದು, ಬೇಡದಲ್ಲಿ ಓಡಿಸುವವನ ಬಾಯಲ್ಲಿ ಮಾತನಾಡುವವನ ಸ್ವಭಾವವೇ ಕಾಣುತ್ತದೆ.

ಈ ಧಾಟಿ ಗಮಕಿಯ ಕಲ್ಪನೆ, ಕವಿಯದ್ದಲ್ಲ ಎಂಬ ಆಕ್ಷೇಪಕ್ಕೂ ತೂಕವಿದೆ. ಇಬ್ಬರು ಗಮಕಿಗಳು ಒಂದೇ ಪದ್ಯವನ್ನು ಬೇರೆಬೇರೆಯಾಗಿ ಓದುತ್ತಾರೆ, ಓದಬೇಕು ಕೂಡ. ಆದರೆ ಕೌರವಸೇನೆ ಕಂಡೊಡನೆ ರಥದಿಂದ ಧುಮುಕಿ ಓಡುವವನನ್ನು ಯಾವ ಕಂಠವೂ ಅಭಿಮನ್ಯುವಾಗಿಸಲಾರದು. ಇವೆರಡು ಪ್ರಸಂಗಗಳ ವಾಚನ ಸಿಕ್ಕರೆ ಬೆನ್ನುಬೆನ್ನಿಗೆ ಕೇಳಿ ನೋಡಿ. ಮೊದಲ ಸಲ ರಾಗಕ್ಕೆ, ಎರಡನೆಯ ಸಲ ನಿಲುಗಡೆಗಳಿಗೆ ಕಿವಿಗೊಟ್ಟು.